ಒಂದು ಡಜನ್ ನೈಟ್ ಡ್ರೆಸ್ಸು

ಎದುರು ಮನೆಯ ಮಹಡಿಯ ಮೇಲೆ ಬಟ್ಟೆ ಒಣಹಾಕಿದ್ದಾರೆ. ನಾನು ಬಾಗಿಲಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಾ ಅದನ್ನೇ ನೋಡುತ್ತಿದ್ದೇನೆ. ಲುಂಗಿ, ಬೆಡ್‌ಶೀಟು, ಸ್ಕೂಲ್ ಯೂನಿಫಾರಂ, ಕೊನೆಯಲ್ಲಿ ಒಂದು ಕಂದು ಬಣ್ಣದ ನೈಟಿ. ಅದರ ಮೇಲಿನ ಹಳದಿ ಹೂವು ಮಾಸಿ ಮಾಸಿ ಈಗ ಹೂವೋ ಸಾರಿನ ಕಲೆಯೋ ಗೊತ್ತಾಗುವುದಿಲ್ಲ. ಆದರೆ ಹೊಲಿಗೆ ಒಂದೂ ಬಿಟ್ಟಿಲ್ಲ. ಬಿಡುವುದೂ ಇಲ್ಲ, ಹೊಲಿದವಳು ನಾನು. ನಮ್ಮನ್ನು ನಾವೇ ಹೊಗಳಿಕೊಳ್ಳಬಾರದು ಅಂತಾರೆ. ಬೇರೆಯವರು ಹೊಗಳಲಿ ಅಂತ ಕಾದು ನೋಡಿದ್ದೇನೆ, ಯಾರಿಗೂ ಪುರುಸೊತ್ತಾಗಲಿಲ್ಲ.

ಆ ನೈಟಿ ಒಂದು ವರ್ಷ ಸಂತ ಅಂತೋಣಿಯವರ ಮೆರವಣಿಗೆಯಲ್ಲಿ ಯುದ್ಧದ ಉಡುಪಾಗಿ ಹೋಗಿತ್ತು ಅಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಕೂತು ಕೇಳಿದರೆ ಸಾಕು.

ನನ್ನ ಓದು ನಾಲ್ಕನೇ ಕ್ಲಾಸಿಗೇ ನಿಂತಿತು. ಇಲ್ಲೇ ಪಕ್ಕದ ಸಿದ್ದಾಪುರದಲ್ಲಿ ನಮ್ಮಪ್ಪ ಸೊಪ್ಪು ಬೆಳೆಯುತ್ತಿದ್ದರು. ಬೆಳಗಿನ ಜಾವ ಕಟ್ಟು ಕಟ್ಟಲು ಒಂದು ಜೊತೆ ಕೈ ಬೇಕಾಗಿತ್ತು, ನನ್ನ ಕೈ ಬಿಡುವಾಗಿತ್ತು, ಅಷ್ಟೇ. ಇದರಲ್ಲಿ ಅಳುವಂಥದ್ದೇನೂ ಇಲ್ಲ. ಸೊಪ್ಪಿನ ಮಡಿ ಸೈಟಾಯಿತು, ಸೈಟು ಬಿಲ್ಡಿಂಗಾಯಿತು, ನಾನು ಮದುವೆಯಾಗಿ ಜಯನಗರದ ಈ ಅಂಚಿಗೆ ಬಂದು ಹೊಲಿಗೆ ಮಿಷನ್ ತುಳಿಯಲು ಕೂತೆ. ಮೊದಲು ಲಂಗ, ರವಿಕೆ. ಆಮೇಲೆ ನೈಟಿ ಬಂತು. ಬಂದ ಹೊಸದರಲ್ಲಿ ನಮ್ಮತ್ತೆ ಅದನ್ನು ದಿಂಬಿನ ಚೀಲ ಅನ್ನುತ್ತಿದ್ದರು. "ದಿಂಬಿನ ಚೀಲಕ್ಕೆ ತೋಳಿಟ್ಟು ಹೆಂಗಸ್ರನ್ನ ತುಂಬ್ತಾ ಅವ್ರೆ" ಅಂತ ಬೀದಿಗೆಲ್ಲ ಕೇಳಿಸುವ ಹಾಗೆ ಹೇಳಿ, ಒಂದು ಬೇಸಿಗೆಯಲ್ಲಿ ಸದ್ದಿಲ್ಲದೆ ತಾವೂ ಒಂದು ಹೊಲಿಸಿಕೊಂಡರು. ಅಲ್ಲಿಂದ ಸಾಯುವ ತನಕ ಅವರು ಸೀರೆ ಉಟ್ಟದ್ದು ಮದುವೆ ಮನೆಗೆ ಮಾತ್ರ. ಹೆಸರು ರಾತ್ರಿಯದು, ದುಡಿಯುವುದು ಹಗಲೆಲ್ಲ. ನಮ್ಮ ಬೀದಿಯಲ್ಲಿ ನೈಟಿಯ ಮೇಲೆ ಒಂದು ಟವೆಲ್ ಹಾಕಿಕೊಂಡರೆ ಹೆಂಗಸು ಹಾಲಿನ ಬೂತಿಗೆ, ತರಕಾರಿ ಗಾಡಿಗೆ, ಜಗಳಕ್ಕೆ, ಎಲ್ಲಕ್ಕೂ ತಯಾರು. ಆ ಟವೆಲ್ ಏನನ್ನು ಮುಚ್ಚುತ್ತದೆ ಅಂತ ನನ್ನನ್ನು ಕೇಳಬೇಡಿ. ಮರ್ಯಾದೆಯನ್ನು ಅಂತಾರೆ.

ಎದುರು ಮನೆಯವಳು ಫಿಲೋಮಿನಾ. ಅವಳ ಗಂಡ ಸವೇರಪ್ಪ ಮನೆಗಳಿಗೆ ಪೇಂಟ್ ಹೊಡೆಯುವ ಕಂಟ್ರಾಕ್ಟರು, ಮಾತು ಕಡಿಮೆ. ಅವನ ಪಾಲಿನದನ್ನೂ ಸೇರಿಸಿ ಅವಳೇ ಮಾತಾಡುತ್ತಾಳೆ. ಅವರು ಹೋಗುವ ಚರ್ಚು ನಮ್ಮ ಬೀದಿ ತಿರುಗಿದರೆ ಸಿಗುತ್ತದೆ. ಮಂಗಳವಾರ ನಾನೂ ಹೋಗುತ್ತೇನೆ. ನಮ್ಮ ಕಡೆಯ ಬೇಕಾದಷ್ಟು ಹೆಂಗಸರು ಹೋಗುತ್ತಾರೆ. ನಮ್ಮ ಊರಮ್ಮ ಮಳೆ, ಮಕ್ಕಳು, ಸಿಡುಬು ಎಲ್ಲ ನೋಡಿಕೊಳ್ಳುತ್ತಾಳೆ. ಕಳೆದುಹೋದದ್ದನ್ನು ಹುಡುಕಿಕೊಡುವ ಇಲಾಖೆ ಮಾತ್ರ ಅಂತೋಣಿಯವರದು. ನನ್ನ ಕತ್ತರಿ, ಕನ್ನಡಕ, ಬೀಗದ ಕೈಯಿಂದಾಗಿ ಅವರಿಗೆ ಒಂದು ವಾರವೂ ರಜೆ ಸಿಕ್ಕಿಲ್ಲ.

ಪ್ರತಿ ಜೂನಿನಲ್ಲಿ ಅಂತೋಣಿಯವರ ಮೆರವಣಿಗೆ ಬೀದಿಗೆ ಬರುತ್ತದೆ. ಮುಂದೆ ಶಿಲುಬೆ, ಹಿಂದೆ ಬ್ಯಾಂಡು, ನಡುವೆ ಹೂವಿನ ಗಾಡಿಯಲ್ಲಿ ಸಂತರು. ಆ ವರ್ಷ ಮಾತ್ರ ಹೊಸ ಫಾದರ್ ಬಂದಿದ್ದರು. ಚಿಕ್ಕ ವಯಸ್ಸು, ಹೊರದೇಶದಲ್ಲಿ ಓದಿದವರು. ಅಲ್ಲಿ ಸಂತರ ಹಬ್ಬಕ್ಕೆ ಅವರು ಬದುಕಿದ್ದ ಕಾಲವನ್ನೇ ಬೀದಿಗೆ ತರುತ್ತಾರಂತೆ. ಎಂಟುನೂರು ವರ್ಷದ ಹಿಂದಿನ ರಾಜರು, ಬಾವುಟ, ಕತ್ತಿ ಗುರಾಣಿ ಹಿಡಿದವರು, ಕುದುರೆ. ನಾವೂ ಹಾಗೆ ಮಾಡೋಣ ಅಂದರು. ಸೆಕ್ರೆಟರಿಯೊಬ್ಬರನ್ನು ಬಿಟ್ಟು ಕಮಿಟಿಯ ಗಂಡಸರೆಲ್ಲ ಆಗಲಿ ಫಾದರ್ ಅಂದರು. ಡ್ರೆಸ್ಸಿನ ಜವಾಬ್ದಾರಿ ಯಾರು ತಗೊಳ್ತೀರಿ ಅಂದಾಗ ಎಲ್ಲರೂ ಫ್ಯಾನ್ ನೋಡಿದರು. ಟೀ ಟ್ರೇ ಹಿಡಿದು ಬಂದ ಫಿಲೋಮಿನಾ ಟ್ರೇಯ ಸಮೇತ ಕೈ ಎತ್ತಿದಳು.

ಅವತ್ತು ಅವಳು ನಮ್ಮ ಮನೆಗೆ ಬಂದದ್ದು ಓಡಿಕೊಂಡು. "ಆಂಟಿ, ಮದುವೆಯಾಗಿ ಬಂದಾಗಿನಿಂದ ಆ ಚರ್ಚಲ್ಲಿ ನನ್ನ ಹೆಸರೇ ಟೀ. ಯಾರಾದ್ರೂ 'ಟೀ ಎಲ್ಲಿ' ಅಂದ್ರೆ ನಾನೇ ತಿರುಗಿ ನೋಡ್ತೀನಿ. ಇದೊಂದು ಸರಿಯಾಗಿ ಮಾಡಿದ್ರೆ ಕಮಿಟೀಲಿ ಒಂದು ಕುರ್ಚಿ ಕೊಡ್ತೀನಿ ಅಂದಿದಾರೆ ಫಾದರ್."

"ಕೆಟ್ರೆ?"

"ಕೆಟ್ರೆ ವಾಪಸ್ ಸ್ಟವ್ ಮುಂದೆ. ಸೆಕ್ರೆಟರಿ ಇನ್ನಾಸಪ್ಪನೋರು ಅದಕ್ಕೇ ಕಾಯ್ತಾ ಇದಾರೆ."

ಇನ್ನಾಸಪ್ಪನವರನ್ನು ನಾನೂ ಬಲ್ಲೆ. ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿ ರಿಟೈರಾದವರು. ರಿಟೈರಾದದ್ದು ಅವರಿಗೆ ಮಾತ್ರ ಗೊತ್ತಾಗಿರಲಿಲ್ಲ.

"ಸರಿ, ಏನು ಹೊಲೀಬೇಕು ಹೇಳು" ಅಂದೆ.

"ಹನ್ನೆರಡು ನೈಟ್ ಡ್ರೆಸ್ಸು."

ನಾನು ಟೇಪು ಕೆಳಗಿಟ್ಟೆ. "ಯಾರಿಗೆ?"

"ಗಂಡಸ್ರಿಗೆ. ನಮ್ಮೆಜಮಾನ್ರೂ ಒಬ್ರು."

"ಗಂಡಸ್ರಿಗೆ ನೈಟಿ?"

"ಅಯ್ಯೋ ಆಂಟಿ, ಆ ಕಾಲದಲ್ಲಿ ಎಲ್ಲಾರೂ ಅದನ್ನೇ ಹಾಕ್ತಿದ್ದಿದ್ದು. ಫೋಟೋದಲ್ಲಿ ನೋಡಿಲ್ವಾ, ಯೇಸುಸ್ವಾಮಿಯಿಂದ ಹಿಡಿದು ಒಬ್ರಾದ್ರೂ ಪ್ಯಾಂಟ್ ಹಾಕಿದಾರಾ? ಫಾದರ್ ಇಂಗ್ಲಿಷಲ್ಲಿ ಎರಡೆರಡು ಸಲ ಹೇಳಿದ್ರು. ನೈಟ್ ಡ್ರೆಸ್, ನೈಟ್ ಡ್ರೆಸ್ ಅಂತ."

ಅವಳು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಅವರ ಮನೆಯ ಕ್ಯಾಲೆಂಡರಿನಲ್ಲಿ ನಾನೂ ನೋಡಿದ್ದೆ, ಎಲ್ಲರದೂ ಪಾದದ ತನಕ ಇಳಿಬಿಟ್ಟ ಅಂಗಿ. ಇನ್ನು ಕಸುಬಿನ ಮಾತು. ಜಿಪ್ ಬೇಕಾ ಅಂದೆ, ಬೇಡ ಅಂದಳು. ಫ್ರಿಲ್? ಯೋಚನೆ ಮಾಡಿ, ಕುತ್ತಿಗೆಗೆ ಸಣ್ಣದಾಗಿ ಇರಲಿ, ಹಬ್ಬ ಅಲ್ವಾ ಅಂದಳು. ಬಲಗಡೆ ಜೇಬು ನಾನು ಕೇಳದೆಯೇ ಇಡುತ್ತೇನೆ, ಅದು ನನ್ನ ಕೈಯ ಗುರುತು. ಅಂತೋಣಿಯವರ ಬಣ್ಣ ಕಂದು. ಪ್ಲೇನ್ ಕಂದು ಕಾಟನ್ನಿಗೆ ಜಯನಗರದ ಕಾಂಪ್ಲೆಕ್ಸೆಲ್ಲ ಸುತ್ತಿದೆವು. ಸಿಕ್ಕಿದ್ದು ಕಂದಿನ ಮೇಲೆ ಹಳದಿ ಹೂವಿನದು. ಸಂತರ ಕೈಯಲ್ಲೂ ಹೂವಿರುತ್ತೆ ಅಂತ ಅವಳೇ ಸಮಾಧಾನ ಹೇಳಿಕೊಂಡಳು.

ಹಬ್ಬಕ್ಕೆ ಮುಂಚಿನ ಭಾನುವಾರ, ಪೂಜೆ ಮುಗಿದ ಮೇಲೆ ಚರ್ಚಿನ ಹಾಲಿನಲ್ಲಿ ಗಂಟು ಬಿಚ್ಚಿದೆವು. ಅಳತೆ ಹೆಚ್ಚುಕಡಿಮೆ ಆದರೆ ಸರಿ ಮಾಡೋಣ ಅಂತ ನಾನೂ ಹೋಗಿದ್ದೆ. ಅಲ್ಲಿ ಉಳಿದ ಸಾಮಾನೆಲ್ಲ ತಯಾರಾಗಿತ್ತು. ಸವೇರಪ್ಪ ಖಾಲಿ ಪೇಂಟ್ ಬಕೆಟ್ಟುಗಳಿಗೆ ಕಣ್ಣಿನ ಜಾಗ ಕೊಯ್ದು, ಬೆಳ್ಳಿ ಬಣ್ಣ ಬಳಿದು, ತಲೆಯ ಕವಚ ಮಾಡಿದ್ದ. ಕಾರಿನ ಗಾಜಿಗೆ ಬಿಸಿಲು ತಡೆಯಲು ಇಡುವ ಬೆಳ್ಳಿ ಶೀಟನ್ನು ಕತ್ತರಿಸಿ ಎದೆಗೆ ಕಟ್ಟುವ ಕವಚ. ಥರ್ಮಾಕೋಲ್ ಕತ್ತಿ. ಅದನ್ನೆಲ್ಲ ನೋಡಿದಾಗಲೇ ನನಗೆ ಸ್ವಲ್ಪ ಅನುಮಾನ ಬಂತು. ರಾತ್ರಿ ಮಲಗುವವರಿಗೆ ಕತ್ತಿ ಯಾಕೆ?

ಇನ್ನಾಸಪ್ಪನವರು ಗಂಟಿನಿಂದ ಒಂದು ಬಟ್ಟೆ ತೆಗೆದು, ಎರಡೂ ಹೆಗಲು ಹಿಡಿದು ಎತ್ತಿದರು. ಫ್ರಿಲ್ಲು ಫ್ಯಾನಿನ ಗಾಳಿಗೆ ಅಲ್ಲಾಡಿತು.

"ಇದೇನಮ್ಮ ಇದು?"

"ನೈಟ್ ಡ್ರೆಸ್ಸು ಸಾರ್" ಅಂದಳು ಫಿಲೋಮಿನಾ.

ಫಾದರ್ ಬಾಯಿ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಪಾಪ, ನಿಧಾನವಾಗಿ ತಿಳಿಸಿ ಹೇಳಿದರು. ಅವರು ಹೇಳಿದ ನೈಟ್ ರಾತ್ರಿಯಲ್ಲವಂತೆ. ಹಳೆಯ ಕಾಲದಲ್ಲಿ ಕವಚ ತೊಟ್ಟು ಕುದುರೆಯ ಮೇಲೆ ಯುದ್ಧಕ್ಕೆ ಹೋಗುತ್ತಿದ್ದವನಿಗೂ ಇಂಗ್ಲಿಷಿನಲ್ಲಿ ನೈಟ್ ಅನ್ನುತ್ತಾರಂತೆ. ಬರೆಯುವಾಗ ಅದರ ಮುಂದೆ ಒಂದು ಕೆ ಬರುತ್ತದೆ, ಅದನ್ನು ಹೇಳುವುದಿಲ್ಲ.

"ಹೇಳದೇ ಇರೋ ಅಕ್ಷರಾನ ಮುಂದೆ ಯಾಕೆ ಕೂರಿಸವ್ರೆ ಫಾದರ್?" ಅಂತ ಕೇಳಿದೆ.

ಅಂಥ ಅಕ್ಷರ ನನಗೆ ಹೊಸದೇನಲ್ಲ. ನಮ್ಮ ಮನೆಯವರೂ ಬದುಕಿರುವ ತನಕ ಹಾಗೇ ಇದ್ದರು. ಎಲ್ಲ ಕಡೆ ಮುಂದೆ ಕೂರುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. ಕನ್ನಡದಲ್ಲಿ ಬರೆದ ಅಕ್ಷರಕ್ಕೆ ಕೂಲಿ ಮಾಡದೆ ಕೂಳಿಲ್ಲ.

ಗಂಡಸರು ಒಬ್ಬೊಬ್ಬರಾಗಿ ಹಿಂದೆ ಸರಿದರು. ನಾವು ಪ್ಯಾಂಟಲ್ಲೇ ಬರ್ತೀವಿ ಅಂದರು. ಸವೇರಪ್ಪ ಹೆಂಡತಿಯ ಮುಖ ನೋಡಿ, ನೈಟಿಯ ಮುಖ ನೋಡಿ, ಬಕೆಟ್ಟನ್ನು ತಲೆಗೆ ಹಾಕಿಕೊಂಡುಬಿಟ್ಟ. ಇನ್ನಾಸಪ್ಪನವರು ಕೈ ಒರೆಸಿಕೊಂಡು ಹೇಳಿದರು, "ನೋಡಿ ಫಾದರ್, ಇದಕ್ಕೇ ನಾನು ಅವತ್ತೇ ಬೇಡ ಅಂದಿದ್ದು. ಹಳೇ ಥರಾನೇ ಮಾಡೋಣ. ಮುಂದೆ ಶಿಲುಬೆ, ಹಿಂದೆ ಬ್ಯಾಂಡು. ಫಿಲೋಮಿನಾ, ನೀನು ಟೀ ನೋಡ್ಕೊಂಡ್ರೆ ಸಾಕು."

ಫಿಲೋಮಿನಾ ಮಾತಾಡದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ನೈಟಿಗಳನ್ನು ಒಂದೊಂದಾಗಿ ಮಡಚಿ ಗಂಟು ಕಟ್ಟಿದಳು. ದಾರಿಯಲ್ಲಿ ಮಾತ್ರ, ಬೀದಿ ತಿರುಗುವಾಗ, "ನಾನಿನ್ನು ಆ ಅಡುಗೆಮನೆ ಒಳಗೆ ಕಾಲಿಡಲ್ಲ ಆಂಟಿ" ಅಂದಳು. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. "ಬಟ್ಟೆ ಗಟ್ಟಿ ಐತೆ, ಅಂಗಡಿಗೆ ಹಾಕಿದ್ರೆ ಹೋಗ್ತವೆ ಬಿಡು" ಅಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕಿತ್ತು.

ಮಾರನೆಯ ಬೆಳಿಗ್ಗೆ ಹಾಲಿನ ಬೂತಿನ ಮುಂದೆ ಇಬ್ಬರೂ ನಿಂತಿದ್ದೆವು. ತುಂತುರು ಮಳೆ, ಲಾರಿ ಬಂದಿರಲಿಲ್ಲ, ಸಾಲು ಬೆಳೆದಿತ್ತು. ಫಿಲೋಮಿನಾ ಹಿಂದಕ್ಕೆ ತಿರುಗಿ ಆ ಸಾಲನ್ನು ಸುಮ್ಮನೆ ನೋಡುತ್ತಾ ನಿಂತಳು. ನೀಲಿ ನೈಟಿ, ಗುಲಾಬಿ ನೈಟಿ, ಚುಕ್ಕಿ ನೈಟಿ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಬುಟ್ಟಿ, ಒಬ್ಬೊಬ್ಬರದೂ ಜಾಗ ಬಿಟ್ಟುಕೊಡದ ಮುಖ.

"ಆಂಟಿ" ಅಂದಳು, "ಇವ್ರೆಲ್ಲಾ ಡ್ರೆಸ್ ಹಾಕ್ಕೊಂಡೇ ನಿಂತವ್ರೆ."

ಅಲ್ಲೇ ಆಳು ಸೇರಿಸಿದಳು. ಅರ್ಧ ಚರ್ಚಿನವರು, ಅರ್ಧ ನಮ್ಮವರು. ನಮ್ಮವಳೊಬ್ಬಳು, "ಬಕೆಟ್ ಹಾಕ್ಕೊಂಡ್ರೆ ಮುಖ ಕಾಣಲ್ಲ ಅಲ್ವಾ? ನಮ್ಮತ್ತೆಗೆ ಗೊತ್ತಾಗಲ್ಲ ಅಂದ್ರೆ ನಾನೂ ಬರ್ತೀನಿ" ಅಂದಳು. ಅವಳ ಹಿಂದೆ ನಿಂತಿದ್ದ ಅತ್ತೆ, "ಗೊತ್ತಾಯ್ತು ಬಿಡು, ನಂಗೂ ಒಂದು ಬಕೆಟ್ ಇಟ್ಟಿರಿ" ಅಂದರು.

ಹಬ್ಬದ ಸಾಯಂಕಾಲ ಹೆಂಗಸರೆಲ್ಲ ಕಂದು ನೈಟಿಯ ಮೇಲೆ ಬೆಳ್ಳಿ ಕವಚ ಕಟ್ಟಿ, ಕೈಯಲ್ಲಿ ಕತ್ತಿ ಹಿಡಿದು ಚರ್ಚಿನ ಗೇಟಿಗೆ ಹೋದರು. ಸೊಂಟಕ್ಕೆ ಬಟ್ಟೆ ಒಣಹಾಕುವ ಬಿಳಿ ಹಗ್ಗ ಬಿಗಿಯಿರಿ ಅಂತ ಫಿಲೋಮಿನಾ ಹೇಳಿದ್ದಳು, ಯಾಕೆ ಅಂತ ನನಗೆ ಆಗ ಹೊಳೆದಿರಲಿಲ್ಲ. ನಾನು ಸೆರಗಿಗೆ ಸೂಜಿ ದಾರ ಸಿಕ್ಕಿಸಿಕೊಂಡು ಹಿಂದೆ ಹೋದೆ, ಹೊಲಿಗೆ ಬಿಟ್ಟರೆ ಇರಲಿ ಅಂತ. ಬಿಡುವುದಿಲ್ಲ ಅಂತ ಗೊತ್ತಿತ್ತು, ನೋಡಬೇಕಾಗಿತ್ತು.

ಗೇಟಿನಲ್ಲಿ ಇನ್ನಾಸಪ್ಪನವರು ಎರಡೂ ಕೈ ಚಾಚಿ ನಿಂತರು. "ನೈಟಿ ಹಾಕ್ಕೊಂಡು ಸಂತರ ಮುಂದೆ ಬರೋಕೆ ನಾಚಿಕೆ ಆಗಲ್ವೇನಮ್ಮಾ?"

"ಒಂದ್ಸಲ ಹಿಂದೆ ತಿರುಗಿ ನೋಡಿ ಸಾರ್" ಅಂದಳು ಫಿಲೋಮಿನಾ.

ಅವರ ಹಿಂದೆ ಗಾಡಿಯ ಮೇಲೆ ಅಂತೋಣಿಯವರು ನಿಂತಿದ್ದರು. ಕಂದು ಬಣ್ಣದ ಉದ್ದ ಅಂಗಿ, ಸಡಿಲ ತೋಳು, ಸೊಂಟಕ್ಕೆ ಬಿಳಿ ಹಗ್ಗ.

ಇನ್ನಾಸಪ್ಪನವರು ಸಂತರನ್ನು ನೋಡಿದರು, ಹೆಂಗಸರನ್ನು ನೋಡಿದರು, ಮತ್ತೆ ಸಂತರನ್ನು ನೋಡಿದರು. ಫಾದರ್ ಗೋಡೆಯ ಕಡೆ ತಿರುಗಿ ನಿಂತಿದ್ದರು, ಭುಜ ಕುಲುಕುತ್ತಿತ್ತು. ಅಷ್ಟು ಹೊತ್ತಿಗೆ, ಫಾದರ್ ಮೊದಲೇ ಗೊತ್ತು ಮಾಡಿದ್ದ ಬಾಡಿಗೆ ಕುದುರೆಯವನು ಬಂದ. ಮದುವೆ ಕುದುರೆ, ಹಣೆಗೆ ಮಣಿ, ಬೆನ್ನಿಗೆ ಜರಿ. "ಗಂಡು ಯಾರು ಸಾರ್, ಬೇಗ ಹತ್ತಿಸಿ" ಅಂದ.

"ನಾನೇ" ಅಂದಳು ಫಿಲೋಮಿನಾ, ಬಕೆಟ್ ಹಾಕಿಕೊಳ್ಳುತ್ತಾ.

ಅವನು ಒಂದು ಗಳಿಗೆ ನೋಡಿದ. ಬೆಂಗಳೂರಿನಲ್ಲಿ ಕುದುರೆ ಇಟ್ಟುಕೊಂಡವನು ಎಲ್ಲ ಥರದ ಮದುವೆ ನೋಡಿರುತ್ತಾನೆ. ಸ್ಟೂಲು ಇಟ್ಟು ಹತ್ತಿಸಿದ.

ಮೆರವಣಿಗೆ ಹೊರಟದ್ದನ್ನು ನೀವು ನೋಡಬೇಕಿತ್ತು. ಮುಂದೆ ಕುದುರೆಯ ಮೇಲೆ ನೈಟಿಯ ಫಿಲೋಮಿನಾ, ಹಿಂದೆ ನೈಟಿಯ ಸೈನ್ಯ, ಅದರ ಹಿಂದೆ ಬ್ಯಾಂಡು, ಸಂತರು, ಮೇಣದ ಬತ್ತಿ ಹಿಡಿದ ಜನ. ಬಕೆಟ್ಟಿನೊಳಗೆ ಡಿಸ್ಟೆಂಪರ್ ವಾಸನೆಗೆ ಸೀನು ಬೇರೆ. ಆಟೋದವರು ಗಾಡಿ ನಿಲ್ಲಿಸಿ, ಯಾವ ದೇವರು ಅಂತ ಗೊತ್ತಾಗದಿದ್ದರೂ ಕೈ ಮುಗಿದರು. ನಮ್ಮ ಮನೆ ಮುಂದೆ ಸೊಸೆ ಆರತಿ ಎತ್ತಿದಳು. ಎಲ್ಲ ನೆಟ್ಟಗೇ ನಡೆಯಿತು, ಮೇನ್ ರೋಡಿನ ಛತ್ರ ಬರುವ ತನಕ.

ಆ ಕುದುರೆಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಹಿಂದೆ ಬ್ಯಾಂಡು, ಮುಂದೆ ಛತ್ರದ ದೀಪದ ಸರ ಕಂಡರೆ ಒಳಗೆ ಹೋಗುವುದು. ಹೋಯಿತು. ಅವತ್ತು ಅಲ್ಲಿ ನಿಜವಾಗಿಯೂ ಮದುವೆ ಇತ್ತು. ಹೆಣ್ಣಿನ ಕಡೆಯವರು ಗಂಡು ಬಂದ ಅಂತ ಓಡಿಬಂದು ಬಕೆಟ್ಟಿನ ಮೇಲೆ ಪನ್ನೀರು ಎರಚಿದರು. ಸಂತರ ಗಾಡಿ ರಸ್ತೆಯ ನಡುವೆ ನಿಂತಿತು, ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಇಡೀ ಜಯನಗರ ಹಾರನ್ ಹೊಡೆಯುತ್ತಿತ್ತು. ಇನ್ನಾಸಪ್ಪನವರು ಓಡಿಬಂದರು. "ಹೇಳಿದ್ನಲ್ಲ ನಾನು, ಹೇಳಿದ್ನಲ್ಲ."

ಫಿಲೋಮಿನಾ ಬಕೆಟ್ ತೆಗೆದಳು. ಅವಳ ಮುಖ ಬೂದಿಯ ಹಾಗಾಗಿತ್ತು. ಕುರ್ಚಿ ಹೋಯಿತು ಅಂತ ಅವಳಿಗೂ ಗೊತ್ತು, ನನಗೂ ಗೊತ್ತು.

"ತಿರುಗಿಸಣ್ಣ" ಅಂದಳು ಕುದುರೆಯವನಿಗೆ.

"ಒಳಗೆ ಒಂದು ರೌಂಡ್ ಹೊಡೀದೆ ಇದು ವಾಪಸ್ ಬರಲ್ಲ ಅಕ್ಕ. ಅದಕ್ಕೆ ಆದತ್ ಆಗ್ಬಿಟ್ಟಿದೆ."

ಅವಳು ಕುದುರೆಯ ಮೇಲಿಂದ ಛತ್ರದ ಅಂಗಳವನ್ನು ನೋಡಿದಳು, ಆಚೆ ಬಸ್ಸನ್ನು ನೋಡಿದಳು. ಆಮೇಲೆ ಅವಳ ಮಾಮೂಲಿ ದನಿ, ಎರಡು ಬೀದಿ ದಾಟುವ ದನಿ ಹೊರಟಿತು. "ಎಲ್ರೂ ಒಳಗೆ ಬನ್ನಿ. ಸಂತರನ್ನೂ ಕರ್ಕೊಂಡ್ ಬನ್ನಿ. ಮದುವೆ ಮನೆ ಮುಂದೆ ಬಂದು ಆಶೀರ್ವಾದ ಮಾಡ್ದೆ ಹೋದ್ರೆ ಚೆನ್ನಾಗಿರತ್ತಾ? ಬ್ಯಾಂಡು, ನಿಲ್ಲಿಸ್ಬೇಡಿ. ಇನ್ನಾಸಪ್ಪನೋರೇ, ಏನ್ ನೋಡ್ತಾ ನಿಂತಿದೀರಾ, ಈ ಹಗ್ಗ ಹಿಡೀರಿ."

ಅವರು ಹಿಡಿದರು. ಯಾಕೆ ಹಿಡಿದರು ಅಂತ ಅವರಿಗೇ ಗೊತ್ತಿರಲಿಲ್ಲ. ಸೂಪರ್‌ವೈಸರ್ ಆಗಿದ್ದವರಿಗೆ ಸೂಪರ್‌ವೈಸರ್ ದನಿಯ ಗುರುತು ಸಿಗುತ್ತದೆ.

ಮೆರವಣಿಗೆ ಪೂರ್ತಿ ಛತ್ರದ ಅಂಗಳಕ್ಕೆ ನುಗ್ಗಿತು, ಹೊರಗೆ ಬಸ್ಸು ಹೊರಟಿತು. ಮದುವೆ ಹೆಣ್ಣಿನ ಅಜ್ಜಿ ಆರತಿ ತಟ್ಟೆ ಹಿಡಿದು ಬಂದರು. "ಯಾವ ಸ್ವಾಮಿ ತಾಯಿ ಇವ್ರು?" ಅಂತ ನನ್ನನ್ನು ಕೇಳಿದರು.

"ಅಂತೋಣಿಯೋರು. ಕಳೆದುಹೋಗಿದ್ನ ಹುಡುಕ್ಕೊಡ್ತಾರೆ."

"ಹಂಗಾರೆ ಗಂಡಿನ ಕಡೆಯೋರು ಇನ್ನೂ ಬಂದಿಲ್ಲ, ಒಸಿ ನೋಡಕ್ಕೇಳಿ" ಅಂತ ಆರತಿ ಎತ್ತಿದರು. ನಾವು ಒಂದು ಸುತ್ತು ಮುಗಿಸಿ ಆಚೆ ಬರುವಾಗ ಗಂಡಿನ ಕಾರು ಗೇಟಿನೊಳಗೆ ಬರುತ್ತಿತ್ತು. ಇದು ಪವಾಡವೋ, ಸಿಗ್ನಲ್ ಬಿಟ್ಟದ್ದೋ, ನಾನು ವಿಚಾರಣೆಗೆ ಹೋಗಲಿಲ್ಲ. ಛತ್ರದಿಂದ ಚರ್ಚಿನ ತನಕ ಕುದುರೆಯ ಹಗ್ಗ ಇನ್ನಾಸಪ್ಪನವರ ಕೈಯಲ್ಲೇ ಇತ್ತು. ಮದುವೆಯ ಜನದಲ್ಲಿ ಅರ್ಧ ಮೆರವಣಿಗೆಯ ಹಿಂದೆ ಬಂತು. ಫಾದರ್ ಅಷ್ಟು ಜನವನ್ನು ಅದುವರೆಗೆ ನೋಡಿರಲಿಲ್ಲ. ಯಾರ ಐಡಿಯಾ ಇದು ಅಂದರು. ಎಲ್ಲರೂ ಕುದುರೆಯ ಕಡೆ ನೋಡಿದರು.

ಕುರ್ಚಿ ಸಿಕ್ಕಿತು. ಕೆಂಪು ಪ್ಲಾಸ್ಟಿಕ್ಕಿನದು, ಒಂದು ಕಾಲು ಕುಂಟು. ಅದರ ಮೇಲೆ ಕೂತಾಗಿನಿಂದ ಅವಳ ಸೊಕ್ಕು ಸಹಿಸಲಾಗುವುದಿಲ್ಲ. ನಾನು ಹೊಲಿದ ಬಟ್ಟೆಯ ಒಳಮಗ್ಗುಲು ತಿರುಗಿಸಿ ನೋಡುತ್ತಾಳೆ. ಒಂದು ವರ್ಷ ಅಂಚು ಬಿಚ್ಚಿ ಮತ್ತೆ ಹೊಲಿಯಿರಿ ಅಂದಳು. ಬಾಯಿಗೆ ಬಂದ ಹಾಗೆ ಬೈದು, ಬಿಚ್ಚಿ ಹೊಲಿದುಕೊಟ್ಟೆ.

ಹುರುಳಿಕಾಯಿ ಮುಗಿಯುತ್ತಾ ಬಂತು. ಗೇಟಿನ ಹತ್ತಿರ ಯಾರೋ ನಿಂತಿದ್ದಾರೆ. ಕನ್ನಡಕ ಇಲ್ಲದೆಯೂ ಗುರುತು ಹತ್ತಿತು, ಇನ್ನಾಸಪ್ಪನವರು. ಬೀದಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು, ಬೇಗನೆ ಒಳಗೆ ಬಂದು ಗೇಟು ಹಾಕಿಕೊಂಡರು.

"ಈ ಸಲ ಸಂತರ ಗಾಡಿ ಹಿಂದೆ ಗಂಡಸ್ರು ಸನ್ಯಾಸಿಗಳ ಥರ ಬರ್ಬೇಕಂತೆ" ಅಂದರು. "ಅಳತೆ ಕೊಟ್ಟು ಬನ್ನಿ ಅಂತ ಹೇಳವ್ರೆ."

"ಯಾರು, ಫಾದರ್ ಹೇಳಿದ್ರಾ?"

"ಫಾದರ್ ಎಲ್ಲಿ ಹೇಳ್ತಾರೆ. ಮೇಡಂ ಹೇಳಿದ್ದು" ಅಂತ ಎದುರು ಮನೆಯ ಕಡೆ ಗಲ್ಲ ತೋರಿಸಿದರು. ಆಮೇಲೆ ದನಿ ತಗ್ಗಿಸಿ, "ಎರಡು ಹೊಲಿದ್ಬಿಡಿ ಅಮ್ಮಾ. ಒಂದು ಮನೇಲಿ ಹಾಕ್ಕೊಳಕ್ಕೆ. ಗಾಳಿ ಚೆನ್ನಾಗಿ ಆಡತ್ತೆ ಅಂತ ಕೇಳ್ದೆ."

ಇಷ್ಟು ವರ್ಷ ನಾನು ಗಂಡಸರ ಅಳತೆ ಮನೆಯೊಳಗೆ ತೆಗೆದವಳಲ್ಲ, ಅದು ನನ್ನ ಕಾನೂನು. ಮೊರ ಪಕ್ಕಕ್ಕೆ ಸರಿಸಿ, ಮಂಡಿ ಹಿಡಿದುಕೊಂಡು ಎದ್ದೆ, ಕಾನೂನನ್ನು ದಾಟಿ ಟೇಪು ತಂದೆ. ಹೊಟ್ಟೆಯ ಸುತ್ತ ಟೇಪು ಹಾಕುತ್ತಿದ್ದ ಹಾಗೆ ಅವರು ಮಿಲಿಟರಿಯವರಂತೆ ಎದೆಯುಬ್ಬಿಸಿ, ಹೊಟ್ಟೆ ಒಳಗೆ ಎಳೆದುಕೊಂಡು ನಿಂತರು.

"ಉಸಿರು ಬಿಡಿ ಇನ್ನಾಸಪ್ಪನೋರೇ" ಅಂದೆ. "ಇದು ನೈಟಿ, ಎಲ್ಲಾದ್ಕೂ ಜಾಗ ಇರತ್ತೆ."